ತೂಗುವ ಸೇತುವೆ, ಕೇಳಿಸುವ ಸೇತುವೆ: 'ಶಬ್ದ' ಘಟಕದ ಎರಡು ಪಾಠಗಳು

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ದಕ್ಷಿಣ ಕನ್ನಡದ ಒಳನಾಡಿನ ಒಂದು ಸರಕಾರಿ ಪ್ರೌಢಶಾಲೆ. ವಿಜ್ಞಾನದಲ್ಲಿ ನಾನು ಕೊಟ್ಟ ಪಾಠಗಳಲ್ಲಿ ಹನ್ನೊಂದನೆಯದು 8ನೇ ತರಗತಿಯ 'ಶಬ್ದ' ಘಟಕಕ್ಕೆ ಸೇರಿದ್ದು. ವೀಕ್ಷಣಾ ಹಾಳೆಯಲ್ಲಿ ಅದಕ್ಕೆ "ಪೀಠಿಕೆ ಆಕರ್ಷಕ, ವಿದ್ಯಾರ್ಥಿಗಳ ಸಹಭಾಗಿತ್ವ ಉತ್ತಮ, ಕಪ್ಪುಹಲಗೆ ಬರವಣಿಗೆ ಸ್ಪಷ್ಟ" ಎಂಬ ಷರಾ ಬಂತು. ಆ ಸ್ಪಷ್ಟವಾದ ಬರವಣಿಗೆಯಲ್ಲಿ ಒಂದು ವಾಕ್ಯ ತಪ್ಪಾಗಿತ್ತು. ಅದೇ ಸಂಜೆ ಆ ಪಾಠದ ದೆಸೆಯಿಂದ ಊರಿನ ಒಬ್ಬ ಅಜ್ಜಿ ತೂಗುಸೇತುವೆಯ ಮೇಲೆ ಕುಸಿದು ಕೂತರು. ಇವೆರಡನ್ನೂ ಸರಿಪಡಿಸಲು ಹೋಗಿ ಕೊಟ್ಟ ಇನ್ನೊಂದು ಪಾಠವನ್ನು ಯಾರೂ ವೀಕ್ಷಿಸಲಿಲ್ಲ, ಅದಕ್ಕೆ ಅಂಕವೂ ಇಲ್ಲ. ಈ ಲೇಖನ ಬರೆಯುತ್ತಿರುವುದು ಆ ಅಂಕವಿಲ್ಲದ ಪಾಠಕ್ಕಾಗಿ.

ಈ ವಿಷಯವನ್ನು ಆರಿಸಿಕೊಂಡದ್ದು ಏಕೆ

ಹಿಂದಿನ ಅವಧಿಯಲ್ಲಿ ಆವೃತ್ತಿಯ ಪಾಠ ಮುಗಿದಿತ್ತು. "ಒಂದು ಸೆಕೆಂಡಿನಲ್ಲಿ ಉಂಟಾಗುವ ಆಂದೋಲನಗಳ ಸಂಖ್ಯೆಯೇ ಆವೃತ್ತಿ, ಅದರ ಏಕಮಾನ ಹರ್ಟ್ಸ್" ಎಂದು ಇಡೀ ತರಗತಿ ಒಂದೇ ದನಿಯಲ್ಲಿ ಹೇಳುತ್ತಿತ್ತು. ಮನುಷ್ಯನ ಕಿವಿಗೆ 20ರಿಂದ 20,000 ಹರ್ಟ್ಸ್ ವರೆಗಿನ ಶಬ್ದ ಕೇಳಿಸುತ್ತದೆ ಎಂಬುದೂ ಬಾಯಿಪಾಠವಾಗಿತ್ತು. ಆದರೆ ಜೋಕಾಲಿ ಎರಡು ಸೆಕೆಂಡಿಗೆ ಒಮ್ಮೆ ಹೋಗಿ ಬಂದರೆ ಅದರ ಆವೃತ್ತಿ ಎಷ್ಟು ಎಂದು ಕೇಳಿದಾಗ ಎಲ್ಲರೂ ಸುಮ್ಮನಾದರು. ಒಬ್ಬ ಹುಡುಗ ಮಾತ್ರ, "ಜೋಕಾಲಿಗೆ ಶಬ್ದ ಇಲ್ಲ ಅಲ್ವಾ ಟೀಚರ್, ಅದಕ್ಕೆ ಆವೃತ್ತಿ ಉಂಟಾ?" ಎಂದ. ಆವೃತ್ತಿ ಎಂದರೆ ಶಬ್ದದ ಪಾಠದಲ್ಲಿ ಬರುವ ಒಂದು ಪದ, ಅಷ್ಟೇ ಆಗಿತ್ತು ಅವರಿಗೆ. ಲೋಕದಲ್ಲಿ ಅಲುಗುವ ವಸ್ತುಗಳಿಗೂ ಅದಕ್ಕೂ ಸಂಬಂಧ ಕೂಡಿರಲಿಲ್ಲ.

ಆ ಸಂಬಂಧಕ್ಕೆ ಸೇತುವೆ ಒಳ್ಳೆಯ ದಾರಿ ಅನ್ನಿಸಿತು. ಶಾಲೆಯಿಂದ ಹತ್ತು ನಿಮಿಷ ನಡೆದರೆ ಹೊಳೆ, ಹೊಳೆಗೆ ಒಂದು ತೂಗುಸೇತುವೆ. ತರಗತಿಯ ಮೂರರಲ್ಲೊಂದು ಪಾಲು ಮಕ್ಕಳು ದಿನಾ ಅದನ್ನು ದಾಟಿಯೇ ಬರುತ್ತಾರೆ. ನಮ್ಮ ಸೀಮೆಗೆ ತೂಗುಸೇತುವೆ ಹೊಸತಲ್ಲ. ಸುಳ್ಯದ ಎಂಜಿನಿಯರ್ ಗಿರೀಶ್ ಭಾರದ್ವಾಜ್ ಅವರು 1989ರಲ್ಲಿ ಪಯಸ್ವಿನಿಗೆ ಅರಂಬೂರಿನಲ್ಲಿ ಕಟ್ಟಿದ ಸೇತುವೆಯಿಂದ ಮೊದಲ್ಗೊಂಡು ನೂರಕ್ಕೂ ಹೆಚ್ಚು ಕಾಲುಸೇತುವೆಗಳನ್ನು ಕಟ್ಟಿದವರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸೇತುವೆ ಅಲುಗುತ್ತದೆ ಎಂದು ಇಲ್ಲಿನ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಾನು ಮಾತ್ರ ಮೊದಲ ಪಾಠದಲ್ಲಿ ಆ ಸೇತುವೆಯ ಹತ್ತಿರವೂ ಸುಳಿಯಲಿಲ್ಲ. ನೇರವಾಗಿ ಲಂಡನ್ನಿಗೆ ಹೋದೆ.

ಲಂಡನ್ನಿನ ಸೇತುವೆ

ಥೇಮ್ಸ್ ನದಿಗೆ ಅಡ್ಡಲಾಗಿ, ಸೇಂಟ್ ಪಾಲ್ಸ್ ಕೆಥೆಡ್ರಲ್ ಕಡೆಯ ದಡದಿಂದ ಟೇಟ್ ಮಾಡರ್ನ್ ಕಲಾಸಂಗ್ರಹಾಲಯದ ಕಡೆಗೆ, ನಡೆದು ಹೋಗುವವರಿಗಾಗಿಯೇ ಕಟ್ಟಿದ ಮಿಲೇನಿಯಂ ಸೇತುವೆ 2000ದ ಜೂನ್ 10ರಂದು ತೆರೆಯಿತು. ವಿನ್ಯಾಸ ಮಾಡಿದವರು ಅರಪ್ ಎಂಜಿನಿಯರಿಂಗ್ ಸಂಸ್ಥೆ, ನಾರ್ಮನ್ ಫಾಸ್ಟರ್ ಅವರ ವಾಸ್ತುಶಿಲ್ಪ ಸಂಸ್ಥೆ ಮತ್ತು ಶಿಲ್ಪಿ ಆಂಟನಿ ಕ್ಯಾರೊ. ಸಾಮಾನ್ಯ ತೂಗುಸೇತುವೆಯಲ್ಲಿ ಎತ್ತರದ ಕಂಬಗಳಿಂದ ಹಗ್ಗ ಇಳಿಬಿದ್ದಿರುತ್ತದೆ. ಇಲ್ಲಿ ಹಾಗಲ್ಲ. ದಾರಿಯ ಎಡಬಲಗಳಲ್ಲಿ ನಾಲ್ಕು ನಾಲ್ಕರಂತೆ ಎಂಟು ಉಕ್ಕಿನ ಹಗ್ಗಗಳು. ನಡುವಿನ 144 ಮೀಟರ್ ಉದ್ದಕ್ಕೆ ಅವು ಇಳಿಬೀಳುವುದು ಕೇವಲ 2.3 ಮೀಟರ್. ಬಹಳ ಬಿಗಿಯಾಗಿ ಎಳೆದು ಕಟ್ಟಿದ ತಂತಿವಾದ್ಯದಂತೆ ಅದು ಕಾಣುತ್ತದೆ. ಈ ಹೋಲಿಕೆ ಮಕ್ಕಳಿಗೆ ಹಿಡಿಸಿತು, ನನಗೂ ಹಿಡಿಸಿತು. ನನ್ನ ತಪ್ಪಿನ ಬೀಜ ಅಲ್ಲೇ ಇತ್ತೇನೋ.

ತೆರೆದ ದಿನ 80 ಸಾವಿರದಿಂದ ಒಂದು ಲಕ್ಷದಷ್ಟು ಜನ ದಾಟಿದರು. ಕೆಲವು ಹೊತ್ತು ಒಟ್ಟಿಗೆ ಎರಡು ಸಾವಿರ ಜನರವರೆಗೆ ಸೇತುವೆಯ ಮೇಲಿದ್ದರು. ಆಗ ಸೇತುವೆ ಅಡ್ಡಡ್ಡ ತೂಗಲು ಶುರುವಾಯಿತು. ನಡುಭಾಗ ಸುಮಾರು 70 ಮಿಲಿಮೀಟರಿನಷ್ಟು ಪಕ್ಕಕ್ಕೆ ಸರಿದಾಡಿತು. ಕೇಳಲು ಕಡಿಮೆ ಎನಿಸಬಹುದು. ಕಾಲಡಿಯ ನೆಲ ಅಷ್ಟು ಸರಿದರೆ ಮನುಷ್ಯ ಕಂಬಿ ಹಿಡಿದುಕೊಳ್ಳುತ್ತಾನೆ. ಎರಡು ದಿನಕ್ಕೆ ಸೇತುವೆ ಮುಚ್ಚಿತು.

ಇಲ್ಲಿ ನಾನು ಪೀಠಿಕೆಗೆಂದು ಸಿದ್ಧಮಾಡಿಕೊಂಡಿದ್ದ ಇನ್ನೊಂದು ಕಥೆ ತಂದೆ. 1831ರಲ್ಲಿ ಮ್ಯಾಂಚೆಸ್ಟರ್ ಬಳಿಯ ಬ್ರೌಟನ್ ತೂಗುಸೇತುವೆ, ಸೈನಿಕರು ಒಂದೇ ಹೆಜ್ಜೆಯಲ್ಲಿ ನಡೆದಾಗ ಕುಸಿದುಬಿತ್ತು. "ಲಂಡನ್ನಿನಲ್ಲೂ ಆದದ್ದು ಇದೇ" ಎಂದುಬಿಟ್ಟೆ. ಇದೂ ಸರಿಯಲ್ಲ. ಲಂಡನ್ನಿನಲ್ಲಿ ಯಾರೂ ಕವಾಯತು ಮಾಡುತ್ತಿರಲಿಲ್ಲ. ಅವರವರ ಪಾಡಿಗೆ ನಡೆಯುತ್ತಿದ್ದರು. ನಡೆಯುವಾಗ ನಾವು ಎಡಗಾಲಿನಿಂದ ನೆಲವನ್ನು ಒಂದು ಪಕ್ಕಕ್ಕೆ, ಬಲಗಾಲಿನಿಂದ ಇನ್ನೊಂದು ಪಕ್ಕಕ್ಕೆ ಸ್ವಲ್ಪ ಸ್ವಲ್ಪ ನೂಕುತ್ತೇವೆ. ಸೆಕೆಂಡಿಗೆ ಸುಮಾರು ಎರಡು ಹೆಜ್ಜೆ ಎಂದರೆ, ಈ ಅಡ್ಡ ನೂಕು ಒಂದು ಸುತ್ತು ಮುಗಿಸುವುದು ಸೆಕೆಂಡಿಗೆ ಸುಮಾರು ಒಂದು ಸಲ. ಸೇತುವೆಯ ಬೇರೆ ಬೇರೆ ಭಾಗಗಳಿಗೆ ತಮ್ಮದೇ ಅಡ್ಡ ತೂಗಾಟದ ಆವೃತ್ತಿ ಇತ್ತು, ಸುಮಾರು ಅರ್ಧ ಹರ್ಟ್ಸ್‌ನಿಂದ ಒಂದು ಹರ್ಟ್ಸ್‌ವರೆಗೆ. ನೆಲ ಸ್ವಲ್ಪ ಸರಿದರೆ ಸಾಕು, ಬೀಳದಿರಲು ಜನ ಕಾಲು ಅಗಲಿಸಿ ನಡೆಯುತ್ತಾರೆ, ನೂಕು ಹೆಚ್ಚುತ್ತದೆ, ನೆಲ ಇನ್ನಷ್ಟು ಸರಿಯುತ್ತದೆ. ಆಮೇಲೆ ಸೇತುವೆಯ ಮೇಲೆ ಜನರನ್ನು ನಡೆಸಿಯೇ ಪರೀಕ್ಷೆ ಮಾಡಿದರು. ಒಂದು ಭಾಗದಲ್ಲಿ ಸುಮಾರು 160 ಜನ ಆಗುವವರೆಗೆ ಏನೂ ಇಲ್ಲ. ಅಲ್ಲಿಂದ ಕೆಲವೇ ಜನ ಹೆಚ್ಚಾದೊಡನೆ ತೂಗಾಟ ಧುತ್ತನೆ ಏರಿತು. ಜನರ ಹೆಜ್ಜೆ ಒಂದಾದದ್ದು ತೂಗಾಟಕ್ಕೆ ಕಾರಣವೋ ಅಥವಾ ಅದರ ಫಲವೋ ಎಂಬ ಚರ್ಚೆ ಸಂಶೋಧಕರಲ್ಲಿ ಇಂದಿಗೂ ನಡೆದಿದೆ. ಸೈನಿಕರ ಕಥೆ ಸುಲಭ, ಮಕ್ಕಳಿಗೆ ಇಷ್ಟವೂ ಆಗುತ್ತದೆ. ಅದನ್ನು ಹೇಳಬೇಕೆನ್ನುವವರು ಇದು ಬೇರೆ ಎಂದೂ ಹೇಳಬೇಕು.

ದುರಸ್ತಿಗೆ 37 ದ್ರವ ಡ್ಯಾಂಪರ್‌ಗಳು, 52 ತೂಕದ ಡ್ಯಾಂಪರ್‌ಗಳು ಬೇಕಾದವು. ಮೊದಲನೆಯದನ್ನು ಬೈಕಿನ ಶಾಕ್ ಅಬ್ಸಾರ್ಬರ್ ಎಂದು ವಿವರಿಸಿದೆ. ಎರಡನೆಯದು ಸ್ಪ್ರಿಂಗಿಗೆ ಕಟ್ಟಿದ ಭಾರ. ಸೇತುವೆ ಅಲುಗಿದಾಗ ಅದು ಎದುರಾಗಿ ಅಲುಗಿ ಶಕ್ತಿಯನ್ನು ಹೀರಿಕೊಳ್ಳುತ್ತದೆ. 2002ರ ಫೆಬ್ರವರಿಯಲ್ಲಿ ಸೇತುವೆ ಮತ್ತೆ ತೆರೆಯಿತು. ಮತ್ತೆ ಹಾಗೆ ತೂಗಲಿಲ್ಲ.

ಕಲಾವಿದ, ಮತ್ತು ನನ್ನ ತಪ್ಪು ವಾಕ್ಯ

ಬಿಲ್ ಫೋಂಟಾನಾ 1947ರಲ್ಲಿ ಹುಟ್ಟಿದ ಅಮೆರಿಕದ ಧ್ವನಿಕಲಾವಿದ. ತಮ್ಮ ಕೃತಿಗಳನ್ನು ಅವರು 'ಶಬ್ದಶಿಲ್ಪ' ಎನ್ನುತ್ತಾರೆ. ಶಬ್ದವನ್ನು ಅದು ಹುಟ್ಟುವ ಜಾಗದಿಂದ ತೆಗೆದು ಇನ್ನೊಂದು ಜಾಗದಲ್ಲಿ ಇಡುವುದು ಅವರ ಮುಖ್ಯ ಕೆಲಸ. 1983ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಗೆ ನೂರು ವರ್ಷ ತುಂಬಿದಾಗ, ಅದರ ಉಕ್ಕಿನ ಜಾಲರಿ ರಸ್ತೆಯ ಮೇಲೆ ವಾಹನಗಳ ಚಕ್ರ ಹೊರಡಿಸುವ ಗುಂಯ್‌ಕಾರವನ್ನು ನಗರದ ಇನ್ನೊಂದು ಚೌಕದಲ್ಲಿ ನೇರವಾಗಿ ಕೇಳಿಸಿದರು. 1987ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಗೆ ಐವತ್ತಾದಾಗ ಸೇತುವೆಯ ಶಬ್ದವನ್ನೂ ದೂರದ ಫ್ಯಾರಲಾನ್ ದ್ವೀಪಗಳ ಹಕ್ಕಿ, ಕಡಲ ಶಬ್ದವನ್ನೂ ಒಟ್ಟಿಗೆ ತಂದು ಕಲಾಸಂಗ್ರಹಾಲಯದ ಹೊರಗೆ ಕೇಳಿಸಿದರು.

2006ರ ಜೂನ್‌ನಿಂದ ಆಗಸ್ಟ್‌ವರೆಗೆ ಅವರ 'ಹಾರ್ಮೋನಿಕ್ ಬ್ರಿಡ್ಜ್' ಲಂಡನ್ನಿನಲ್ಲಿ ನಡೆಯಿತು. ಸೇತುವೆ ವಿನ್ಯಾಸ ಮಾಡಿದ ಅರಪ್ ಸಂಸ್ಥೆಯೇ ಈ ಕೃತಿಗೂ ಜೊತೆಯಾಯಿತು. ಸೇತುವೆಯ ಉಕ್ಕಿಗೆ ಅವರು ಆಕ್ಸಿಲರೋಮೀಟರ್ ಎಂಬ ಕಂಪನಗ್ರಾಹಿಗಳನ್ನು ಅಂಟಿಸಿದರು. ಮೈಕ್ ಗಾಳಿಯಲ್ಲಿನ ಶಬ್ದವನ್ನು ಹಿಡಿಯುತ್ತದೆ. ಇದು ತಾನು ಅಂಟಿಕೊಂಡಿರುವ ಲೋಹದ ನಡುಕವನ್ನೇ ಹಿಡಿಯುತ್ತದೆ. ಎಂಜಿನಿಯರುಗಳು ಸೇತುವೆ, ಯಂತ್ರಗಳ ಆರೋಗ್ಯ ಪರೀಕ್ಷಿಸಲು ಬಳಸುವ ಸಾಧನವೇ ಅದು. ನಡೆಯುವವರ ಹೆಜ್ಜೆ, ಸೈಕಲ್ಲು, ಗಾಳಿ ಇವುಗಳಿಂದ ಉಕ್ಕಿನಲ್ಲಿ ಹುಟ್ಟಿದ ಕಂಪನ ಆ ಕ್ಷಣದಲ್ಲೇ ಟೇಟ್ ಮಾಡರ್ನ್‌ನ ಟರ್ಬೈನ್ ಹಾಲ್‌ನಲ್ಲಿಯೂ ಸದರ್ಕ್ ಭೂಗತ ರೈಲು ನಿಲ್ದಾಣದಲ್ಲಿಯೂ ಸ್ಪೀಕರುಗಳಲ್ಲಿ ಕೇಳುತ್ತಿತ್ತು. ಟೇಟ್ ಮಾಡರ್ನ್ ಇರುವ ಕಟ್ಟಡ ಹಿಂದೆ ವಿದ್ಯುತ್ ಸ್ಥಾವರ. ಟರ್ಬೈನ್ ಹಾಲ್ ಎಂದರೆ ಅದರ ಯಂತ್ರಶಾಲೆ. ಸೇತುವೆ ದಾಟುವಾಗ ತನ್ನ ಹೆಜ್ಜೆಯ ಈ ನಾದ ನಡೆಯುವವನಿಗೆ ಕೇಳುವುದಿಲ್ಲ. ಆತ ದಾಟಿ ಹಾಲ್‌ಗೆ ಬಂದಾಗ, ತನ್ನ ಹಿಂದೆ ದಾಟುತ್ತಿರುವ ಅಪರಿಚಿತರ ನಡಿಗೆ ಕೇಳುತ್ತದೆ. ಈ ಏರ್ಪಾಡನ್ನು ನೆನೆದಾಗಲೆಲ್ಲ ನನಗೆ ಇವತ್ತಿಗೂ ಖುಷಿಯಾಗುತ್ತದೆ.

ಧ್ವನಿಮುದ್ರಣದ ಎರಡು ನಿಮಿಷದ ತುಣುಕನ್ನು ಪ್ರಾರ್ಥನೆಗೆ ಬಳಸುವ ಸ್ಪೀಕರಿನಲ್ಲಿ ಕೇಳಿಸಿದೆ. ಮೊದಲು ನಗು, ಆಮೇಲೆ ನಿಶ್ಶಬ್ದ. "ತಂಬೂರಿ ಹಾಗೆ" ಎಂದಳು ಒಬ್ಬಳು. "ಅಕ್ಕಿ ಮಿಲ್ಲು" ಎಂದ ಇನ್ನೊಬ್ಬ. ಕಪ್ಪುಹಲಗೆಯ ಸಾರಾಂಶದಲ್ಲಿ ಬರೆದೆ: "ಸೇತುವೆಯ ತೂಗಾಟವನ್ನು ಕಲಾವಿದ ಶಬ್ದವಾಗಿ ಕೇಳಿಸಿದ."

ಮಕ್ಕಳು ಬರೆದುಕೊಂಡರು. ಕೊನೆಯ ಬೆಂಚಿನಿಂದ ಒಬ್ಬ ಹುಡುಗಿ ಕೈ ಎತ್ತಿದಳು. "ಟೀಚರ್, 2002ರಲ್ಲಿ ರಿಪೇರಿ ಮಾಡಿ ತೂಗುದು ನಿಲ್ಲಿಸಿದ್ರು ಅಂತ ಹೇಳಿದ್ರಿ. ಮತ್ತೆ 2006ರಲ್ಲಿ ಅವರಿಗೆ ಎಂತ ಕೇಳಿದ್ದು?"

ನನ್ನಲ್ಲಿ ಉತ್ತರ ಇರಲಿಲ್ಲ. ಹಿಂದೆ ಮಾರ್ಗದರ್ಶಕರು ಕೂತಿದ್ದರು. "ಒಳ್ಳೆಯ ಪ್ರಶ್ನೆ, ಸಮಯವಾಯಿತು, ನಾಳೆ ಚರ್ಚಿಸೋಣ" ಎಂದು ಗೃಹಪಾಠ ಕೊಟ್ಟು ಮುಗಿಸಿದೆ. ಗಡಿಯಾರದಲ್ಲಿ ಇನ್ನೂ ನಾಲ್ಕು ನಿಮಿಷ ಇತ್ತು.

ಆ ಸಂಜೆ

ಶಾಲೆ ಬಿಟ್ಟ ಮೇಲೆ ಏಳೆಂಟು ಹುಡುಗರು ತೂಗುಸೇತುವೆಯ ನಡುವೆ ಸಾಲಾಗಿ ನಿಂತು "ಲೆಫ್ಟ್, ರೈಟ್" ಎನ್ನುತ್ತ ಅಡ್ಡಡ್ಡ ತೂಗಿದ್ದಾರೆ. ಅವರ ಭಾಷೆಯಲ್ಲಿ ಅದು "ಲಂಡನ್ ಮಾಡುದು". ಆಚೆ ದಡದಿಂದ ಹಸುವಿಗೆ ಹುಲ್ಲು ಹೊತ್ತು ಬರುತ್ತಿದ್ದ ಅಜ್ಜಿಯೊಬ್ಬರು ನಡುದಾರಿಯಲ್ಲಿದ್ದರು. ಕಂಬಿ ಹಿಡಿಯಲು ಹೋಗಿ ಹುಲ್ಲಿನ ಹೊರೆ ಹೊಳೆಗೆ ಬಿತ್ತು, ಅವರು ಅಲ್ಲೇ ಕುಸಿದು ಕೂತರು. ಮೊಣಕಾಲು ತರಚಿತು, ಹೆಚ್ಚಿನದೇನೂ ಆಗಲಿಲ್ಲ. ಮರುದಿನ ಬೆಳಿಗ್ಗೆ ಅವರ ಮಗ ಶಾಲೆಗೆ ಬಂದರು. ಮುಖ್ಯ ಶಿಕ್ಷಕರು ಹುಡುಗರನ್ನು ಕರೆಸಿದಾಗ ಒಬ್ಬ ಮುಗ್ಧವಾಗಿ, "ಟೀಚರ್ ಪಾಠ ಮಾಡಿದ್ದು ಸರ್" ಎಂದ.

ಮುಖ್ಯ ಶಿಕ್ಷಕರು ನನ್ನ ಮೇಲೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಸುಲಭವಿತ್ತು. ಸಂಜೆ ಹುಡುಗರಲ್ಲಿ ಇಬ್ಬರನ್ನು ಕರೆದುಕೊಂಡು ಅಜ್ಜಿಯ ಮನೆಗೆ ಹೋದೆ. ಮನೆ ಸೇತುವೆಯ ಬುಡದಲ್ಲೇ. ಹುಡುಗರು ಕಾಲು ಮುಟ್ಟಿದರು. "ತಪ್ಪು ನನ್ನದು ಅಜ್ಜಿ, ನಾನೇ ಆ ಕಥೆ ಹೇಳಿದ್ದು" ಎಂದೆ. ಅವರು ನಮ್ಮನ್ನು ಕೂರಿಸಿ ಬೆಲ್ಲ, ನೀರು ಕೊಟ್ಟು ಸೇತುವೆಯ ಬಗ್ಗೆಯೇ ಮಾತಿಗಿಳಿದರು. ರಾತ್ರಿ ಮಲಗಿದಲ್ಲಿಂದಲೇ ಯಾರು ದಾಟುತ್ತಿದ್ದಾರೆ ಎಂದು ಅವರಿಗೆ ತಿಳಿಯುತ್ತದಂತೆ: ಮಗನ ಹೆಜ್ಜೆ ಬೇರೆ, ಕುಡಿದು ಬರುವವರದು ಬೇರೆ, ಬೈಕ್ ತರಬಾರದೆಂದು ಬೋರ್ಡ್ ಇದ್ದರೂ ತರುವವರದು ಬೇರೆ. "ಈಚೆಯಿಂದ ಐದೋ ಆರೋ ಹಾಸು ಲಟಕ್ ಅಂತದೆ ಮಗಾ. ಮೊದಲು ಅನ್ನುತ್ತಿರಲಿಲ್ಲ. ಈ ಮಳೆಗಾಲ ಕಳೆದ ಮೇಲೆ ಶುರುವಾದದ್ದು."

ಹಿಂತಿರುಗುವಾಗ ಸೇತುವೆಯ ಬಳಿ ನಿಂತೆ. ಅದು ಮೆಲ್ಲನೆ ತೂಗುತ್ತಿತ್ತು. ಆ ತೂಗಾಟಕ್ಕೆ ಯಾವ ಸದ್ದೂ ಇಲ್ಲ. ಯಾರೋ ದಾಟಿದಾಗ ಸದ್ದು ಬಂತು: ಹೆಜ್ಜೆಯ ದಬ್ ದಬ್, ಹಾಸಿನ ಲಟಕ್, ಸರಳುಗಳ ಕಿಣಿ. ಹುಡುಗಿಯ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಅರ್ಧ ಹರ್ಟ್ಸ್, ಒಂದು ಹರ್ಟ್ಸ್‌ನ ತೂಗಾಟ 20 ಹರ್ಟ್ಸ್‌ಗಿಂತ ಬಹಳ ಕೆಳಗಿನದು. ರಿಪೇರಿಯಾಗದಿದ್ದರೂ ಅದು ಕಿವಿಗೆ ಕೇಳುತ್ತಿರಲಿಲ್ಲ. ಫೋಂಟಾನಾ ಕೇಳಿಸಿದ್ದು ತೂಗಾಟವನ್ನಲ್ಲ. ಅದೇ ಉಕ್ಕಿನೊಳಗೆ ಸೆಕೆಂಡಿಗೆ ಹತ್ತಾರು, ನೂರಾರು ಸಲ ನಡೆಯುವ, ಕಣ್ಣಿಗೆ ಕಾಣದಷ್ಟು ಚಿಕ್ಕ ಕಂಪನವನ್ನು. ಡ್ಯಾಂಪರ್‌ಗಳು ನಿಲ್ಲಿಸಿದ್ದು ನಿಧಾನದ ದೊಡ್ಡ ತೂಗಾಟವನ್ನು. ಈ ಸಣ್ಣ ಕಂಪನ ಹಾಗೇ ಉಳಿದಿತ್ತು. 'ಆವೃತ್ತಿ' ಎಂಬ ಪದವನ್ನು ಒಂದು ವಾರ ಕಲಿಸಿದ್ದ ನಾನೇ ಅದನ್ನು ಬಳಸಿ ಯೋಚಿಸಿರಲಿಲ್ಲ. ಜೋಕಾಲಿಗೆ ಆವೃತ್ತಿ ಉಂಟಾ ಎಂದು ಕೇಳಿದ ಹುಡುಗನಿಗಿಂತ ನಾನು ಬಹಳ ಮುಂದೇನೂ ಇರಲಿಲ್ಲ.

ಎರಡನೆಯ ಪಾಠ

ಮರುದಿನ ಮೊದಲು ಮಾಡಿದ ಕೆಲಸ, ಅದೇ ವಾಕ್ಯವನ್ನು ಮತ್ತೆ ಕಪ್ಪುಹಲಗೆಯಲ್ಲಿ ಬರೆದು "ಇದು ತಪ್ಪು. ನಾನು ತಪ್ಪು ಬರೆಸಿದ್ದೆ. ಏಕೆ ತಪ್ಪು ಎಂದು ಸೇತುವೆಯ ಬಳಿ ಹೋಗಿ ನೋಡೋಣ" ಎಂದದ್ದು. ಮೊನ್ನೆ ಸಮಯವಾಗಿರಲಿಲ್ಲ ಎಂದೂ ಹೇಳಿದೆ. ಪ್ರಶ್ನೆ ಕೇಳಿದ ಹುಡುಗಿ ತಲೆ ತಗ್ಗಿಸಿ ನಕ್ಕಳು.

ಮುಖ್ಯ ಶಿಕ್ಷಕರ ಅನುಮತಿ ಪಡೆದು, ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರಿಗೂ ಅಜ್ಜಿಯ ಮನೆಯವರಿಗೂ ಮೊದಲೇ ತಿಳಿಸಿ, ದೈಹಿಕ ಶಿಕ್ಷಣ ಶಿಕ್ಷಕರನ್ನು ಜೊತೆಗೆ ಕರೆದುಕೊಂಡು ಎರಡು ಅವಧಿಗಳನ್ನು ಸೇರಿಸಿ ಹೋದೆವು. ಮಕ್ಕಳೆಲ್ಲರೂ ದಡದಲ್ಲೇ; ಸೇತುವೆಯ ಮೇಲೆ ಒಂದು ಸಲಕ್ಕೆ ಒಬ್ಬ ವಯಸ್ಕ ಮಾತ್ರ. ತೂಗುವುದು ನಿಷಿದ್ಧ. ದಾಟುವವರು ಬಂದರೆ ಪ್ರಯೋಗ ನಿಲ್ಲುತ್ತದೆ. ಈ ನಿಯಮಗಳನ್ನು ಮಕ್ಕಳಿಂದಲೇ ಹೇಳಿಸಿದೆ, ಅದರಲ್ಲೂ 'ಲಂಡನ್ ಮಾಡಿದ' ಹುಡುಗರಿಂದ. ಒಬ್ಬನಿಗೆ ದಾಟುವವರು ಬರುತ್ತಿದ್ದಾರೆಯೇ ಎಂದು ನೋಡುವ ಕೆಲಸ ಕೊಟ್ಟೆ. ಅವನಷ್ಟು ಗಂಭೀರವಾಗಿ ಅಂದು ಯಾರೂ ಕೆಲಸ ಮಾಡಲಿಲ್ಲ.

ಮೊದಲ ಕೆಲಸ, ತೂಗಾಟವನ್ನು ಎಣಿಸುವುದು. ದೈಹಿಕ ಶಿಕ್ಷಣ ಶಿಕ್ಷಕರು ಮಾಮೂಲಿ ನಡಿಗೆಯಲ್ಲಿ ನಡುವಿಗೆ ಹೋಗಿ ನಿಂತರು. ದಡದಿಂದ ನೋಡುವವರಿಗೆ ಕೈಕಂಬಿಯ ತುದಿ ಆಚೆ ದಡದ ಒಂದು ಅಡಿಕೆ ಮರದ ಎಡಕ್ಕೂ ಬಲಕ್ಕೂ ಸರಿಯುತ್ತಿತ್ತು. ಮರವೇ ಗುರುತು. ಹತ್ತು ಆಂದೋಲನಕ್ಕೆ ಎಷ್ಟು ಸೆಕೆಂಡು ಎಂದು ನಾಲ್ಕು ಗುಂಪುಗಳು ಕೈಗಡಿಯಾರದಲ್ಲಿ ಅಳೆದವು: 13, 14, 14, 15. ಒಂದು ಗುಂಪು ಮೊದಲು 7 ಎಂದಿತು. ಎಡಕ್ಕೆ ಹೋದದ್ದನ್ನೂ ಬಲಕ್ಕೆ ಬಂದದ್ದನ್ನೂ ಬೇರೆ ಬೇರೆಯಾಗಿ ಎಣಿಸಿದ್ದರು. ಒಂದು ಆಂದೋಲನ ಎಂದರೆ ಹೋಗಿ ಬರುವುದು ಎಂದು ಅವರೇ ವಾದ ಮಾಡಿ ಸರಿಪಡಿಸಿಕೊಂಡರು. 10 ಭಾಗಿಸು 14, ಸುಮಾರು 0.7 ಹರ್ಟ್ಸ್. ಜೋಕಾಲಿಯ ಹುಡುಗ ತಾನಾಗಿಯೇ, "ಹಾಗಾದ್ರೆ ಜೋಕಾಲಿದು 0.5" ಎಂದ. ನನಗೆ ಆ ದಿನದ ಪಾಠ ಅಲ್ಲಿಗೇ ಮುಗಿದಿದ್ದರೂ ಸಾಕಿತ್ತು.

ಎರಡನೆಯದು ಕೇಳುವುದು. ಮೊದಲು ಬರೀ ಕಿವಿ. ದಡದ ಕಂಬಕ್ಕೆ ಉಕ್ಕಿನ ಹಗ್ಗ ಬಂದು ಸೇರುವಲ್ಲಿ ಒಬ್ಬೊಬ್ಬರಾಗಿ ಕಿವಿ ಆನಿಸಿದರು. ಶಿಕ್ಷಕರು ನಡುವಿನಲ್ಲಿ ನಡೆಯುತ್ತಿದ್ದರೆ ಗಾಳಿಯಲ್ಲಿ ಕೇಳದ ಹೆಜ್ಜೆ ಹಗ್ಗದಲ್ಲಿ ಕೇಳುತ್ತಿತ್ತು. ಶಬ್ದ ಘನವಸ್ತುಗಳಲ್ಲೂ ಚಲಿಸುತ್ತದೆ ಎಂಬ ಪಠ್ಯದ ಭಾಗಕ್ಕೆ ಬೇರೆ ಚಟುವಟಿಕೆ ಬೇಕಾಗಲಿಲ್ಲ. ಆಮೇಲೆ ಆರೋಗ್ಯ ಕೇಂದ್ರದ ಸಿಸ್ಟರ್ ಕೊಟ್ಟಿದ್ದ ಹಳೆಯ ಸ್ಟೆತಾಸ್ಕೋಪ್. ಕೊನೆಗೆ ಪೀಜೋ ಬಿಲ್ಲೆ.

ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಯಾರು ಬೇಕಾದರೂ ಮಾಡಬಹುದು. ಎಲೆಕ್ಟ್ರಾನಿಕ್ ಗಡಿಯಾರ, ಆಟಿಕೆಗಳಲ್ಲಿ ಪೀಪೀ ಸದ್ದು ಮಾಡುವ ತೆಳ್ಳಗಿನ ಹಿತ್ತಾಳೆ ಬಿಲ್ಲೆ ಇರುತ್ತದೆ. ಮೇಲೆ ಬಿಳಿ ಬಣ್ಣದ ಪದರ. ವಿದ್ಯುತ್ ಕೊಟ್ಟರೆ ಅದು ನಡುಗಿ ಸದ್ದು ಮಾಡುತ್ತದೆ. ಅದನ್ನೇ ತಿರುಗಿಸಿ, ನಡುಗಿಸಿದರೆ ಅದು ವಿದ್ಯುತ್ ಕೊಡುತ್ತದೆ. ಬಿಡಿಭಾಗದ ಅಂಗಡಿಯಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಸಿಗುತ್ತದೆ. ಹಿತ್ತಾಳೆಗೆ ಒಂದು ತಂತಿ, ಬಿಳಿ ಪದರಕ್ಕೆ ಒಂದು ತಂತಿ, ಇನ್ನೊಂದು ತುದಿಗೆ ಮೈಕಿನ ದಪ್ಪ ಪಿನ್ನು. ಟಿವಿ ರಿಪೇರಿಯವರು ಬೆಸುಗೆ ಹಾಕಿ ಕೊಟ್ಟರು. ಬಿಲ್ಲೆಗೆ ಸೆಲ್ಲೋಟೇಪ್ ಸುತ್ತಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಸೇತುವೆಯ ಸರಳಿಗೆ ಬಿಗಿಯಾಗಿ ಕಟ್ಟಿದೆವು. ಪಿನ್ನನ್ನು ಪ್ರಾರ್ಥನೆಯ ಸ್ಪೀಕರಿನ ಮೈಕ್ ತೂತಿಗೆ ಚುಚ್ಚಿದೆವು. ಸಡಿಲವಾಗಿ ಕಟ್ಟಿದರೆ ಏನೂ ಕೇಳುವುದಿಲ್ಲ. ಮೈಕಿನ ತೂತು ಈ ಬಿಲ್ಲೆಗೆಂದು ಮಾಡಿದ್ದಲ್ಲವಾದ್ದರಿಂದ ತಗ್ಗಿನ ಸ್ವರಗಳು ಕಡಿಮೆ ಬರುತ್ತವೆ, ಸದ್ದು ಸ್ವಲ್ಪ ತೆಳು. ಆದರೂ ಬಂತು. ಹೆಜ್ಜೆಗಳು ಬಂದವು, ಗಾಳಿ ಬೀಸಿದಾಗ ಸಣ್ಣ ಗುಂಯ್ ಎಂಬ ನಾದ ಬಂತು, ಒಂದು ಒಣ ಕಡ್ಡಿ ಬಿದ್ದದ್ದೂ ಕೇಳಿತು. ಸೇತುವೆಯ ಮೇಲೆ ಕೂತ ಕಾಗೆ ಹಾರಿದಾಗ ಸ್ಪೀಕರಿನಲ್ಲಿ ಟಿಣ್ ಎಂದಿತು. ಇಡೀ ತರಗತಿ ಕಾಗೆಗೆ ಚಪ್ಪಾಳೆ ತಟ್ಟಿತು.

ಆ ಹೊತ್ತಿಗೆ ನಾನು ಕೇಳಿದೆ: "ಸೇತುವೆ ಈಗ ತೂಗುತ್ತಿದೆ. ಆ 0.7 ಹರ್ಟ್ಸ್ ಸ್ಪೀಕರಿನಲ್ಲಿ ಎಲ್ಲಿದೆ?" ಎಲ್ಲರೂ ಕಿವಿಗೊಟ್ಟರು. ಇರಲಿಲ್ಲ. ಕೊನೆಯ ಬೆಂಚಿನ ಹುಡುಗಿ ನಿಧಾನವಾಗಿ, "ಕಾಣ್ತದೆ, ಕೇಳುದಿಲ್ಲ. ಕೇಳುವಂಥದ್ದು ಕಾಣುದಿಲ್ಲ" ಎಂದಳು. ಅದನ್ನೇ ಕಪ್ಪುಹಲಗೆಯ ತಪ್ಪು ವಾಕ್ಯದ ಜಾಗದಲ್ಲಿ ಬರೆಸಿದೆ, ಎರಡು ಕಲಮು ಮಾಡಿ. ಒಂದರಲ್ಲಿ ತೂಗಾಟ: ಪಾರ ದೊಡ್ಡದು, ಆವೃತ್ತಿ ಚಿಕ್ಕದು. ಇನ್ನೊಂದರಲ್ಲಿ ನಾದ: ಪಾರ ಚಿಕ್ಕದು, ಆವೃತ್ತಿ ದೊಡ್ಡದು. ಪಾರವನ್ನೂ ಆವೃತ್ತಿಯನ್ನೂ ಮಕ್ಕಳು ಒಂದಕ್ಕೊಂದು ಬೆರೆಸುತ್ತಾರೆ ಎಂದು ನಮ್ಮ ಬೋಧನಶಾಸ್ತ್ರದ ತರಗತಿಯಲ್ಲಿ ಹಲವು ಬಾರಿ ಕೇಳಿದ್ದೇವೆ. ಒಂದೇ ವಸ್ತುವಿನಲ್ಲಿ ಒಂದೇ ಹೊತ್ತಿಗೆ ಎರಡೂ ಬಗೆಯ ಕಂಪನ ತೋರಿಸಲು ಶ್ರುತಿಕವೆಯಿಂದ ಆಗುವುದಿಲ್ಲ.

ಅಜ್ಜಿಯ 'ಲಟಕ್' ಅನ್ನೂ ಹುಡುಕಿದೆವು. ನಾನು ಸ್ಟೆತಾಸ್ಕೋಪ್ ಹಿಡಿದು ಒಂದೊಂದೇ ಹಾಸಿನ ಬಳಿ ಕೂತೆ, ಶಿಕ್ಷಕರು ತುಳಿದರು, ಸದ್ದು ಹೇಗಿದೆ ಎಂದು ನಾನು ದಡಕ್ಕೆ ಕೂಗಿ ಹೇಳಿದ್ದನ್ನು ಮಕ್ಕಳು ಬರೆದುಕೊಂಡರು. ಆರನೆಯ ಹಾಸಿನ ಒಂದು ಬೋಲ್ಟ್ ಸಡಿಲವಾಗಿತ್ತು. ಮಕ್ಕಳು ಪಂಚಾಯತಿಗೆ ಪತ್ರ ಬರೆದರು, ಮುಖ್ಯ ಶಿಕ್ಷಕರು ಸಹಿ ಹಾಕಿ ಕಳಿಸಿದರು. ನನ್ನ ಬೋಧನಾಭ್ಯಾಸ ಮುಗಿಯುವವರೆಗೂ ಅದು 'ಲಟಕ್' ಎನ್ನುತ್ತಲೇ ಇತ್ತು.

"ಇದು ಸಂಗೀತವಾ ಟೀಚರ್?"

ಹಿಂತಿರುಗುವಾಗ ಈ ಪ್ರಶ್ನೆ ಬಂತು. ಪಾಠಯೋಜನೆಯಲ್ಲಿ ಇದಕ್ಕೆ ಜಾಗ ಇರಲಿಲ್ಲ. ಮ್ಯಾಕ್ಸ್ ನ್ಯೂಹೌಸ್ ಎಂಬ ಇನ್ನೊಬ್ಬ ಕಲಾವಿದ 1977ರಲ್ಲಿ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿ ಕಾಲುದಾರಿಯ ಉಕ್ಕಿನ ಜಾಲರಿಯ ಕೆಳಗಿಂದ ಒಂದು ನಿರಂತರ ನಾದ ಹೊಮ್ಮಿಸಿದರು, ಅಲ್ಲಿ ಬೋರ್ಡೂ ಇಲ್ಲ, ಹೆಸರೂ ಇಲ್ಲ, ದಾಟುವವರಲ್ಲಿ ಗಮನಿಸಿದವರಿಗಷ್ಟೇ ಅದು ಎಂದು ಹೇಳಿದೆ. 1992ರಲ್ಲಿ ನಿಂತಿದ್ದ ಅದು 2002ರಲ್ಲಿ ಮತ್ತೆ ಶುರುವಾಯಿತು. "ಹೆಸರೂ ಹಾಕದೆ ಇಟ್ರಾ?" ಎಂದು ಮಕ್ಕಳಿಗೆ ಆಶ್ಚರ್ಯ. ಸಂಗೀತವೇ ಅಲ್ಲವೇ ಎಂಬುದನ್ನು ನಾನು ತೀರ್ಮಾನಿಸಲಿಲ್ಲ. ಯಕ್ಷಗಾನದ ಚೆಂಡೆ ಕಲಿಯುತ್ತಿರುವ ಹುಡುಗ ಮಾತ್ರ, ತಾಳ ಇಲ್ಲದ್ದು ಸಂಗೀತ ಅಲ್ಲ ಎಂದು ಖಂಡಿತವಾಗಿ ಹೇಳಿದ. ನಡೆಯುವವರ ಹೆಜ್ಜೆಯೇ ತಾಳ ಅಲ್ಲವೇ ಎಂದು ಇನ್ನೊಬ್ಬಳು ವಾದಕ್ಕಿಳಿದಳು.

ನಮ್ಮ ಬಿ.ಎಡ್.ನಲ್ಲಿ 'ಶಿಕ್ಷಣದಲ್ಲಿ ನಾಟಕ ಮತ್ತು ಕಲೆ' ಎಂಬ ವಿಷಯ ಇದೆ. ವಿಜ್ಞಾನದವರು ಅದರ ಕಡತ ತುಂಬಿಸಲು ಸಾಮಾನ್ಯವಾಗಿ ಮಾಡುವುದು ಜೀವಕೋಶದ ರಂಗೋಲಿ, ಥರ್ಮಾಕೋಲಿನ ಹೃದಯ. ನಾನೂ ಮಾಡಿದ್ದೇನೆ. ಅಲ್ಲಿ ಕಲೆಯ ಕೆಲಸ, ಗೊತ್ತಿರುವ ಉತ್ತರಕ್ಕೆ ಬಣ್ಣ ಹಚ್ಚುವುದು. ಫೋಂಟಾನಾ ಅವರ ಕೃತಿಯಲ್ಲಿ ಕಲಾವಿದನೇ ಎಂಜಿನಿಯರರ ಉಪಕರಣ ಹಿಡಿದು, ಎಂಜಿನಿಯರರು ಕೇಳದ ಪ್ರಶ್ನೆಯನ್ನು ಕೇಳಿದ್ದಾನೆ. ಅಂಥದ್ದನ್ನು ತರಗತಿಗೆ ತಂದರೆ ಶಿಕ್ಷಕಿಗೆ ಉತ್ತರ ಗೊತ್ತಿಲ್ಲದ ಗಳಿಗೆ ಬಂದೇ ಬರುತ್ತದೆ. ನಾಲ್ಕು ನಿಮಿಷ ಬಾಕಿ ಇದ್ದಾಗ ಬರುತ್ತದೆ, ಅದೂ ಮಾರ್ಗದರ್ಶಕರ ಎದುರು.

ಘಟಕ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಸೇರಿಸಿದ್ದೆ: "ಹತ್ತು ಆಂದೋಲನಕ್ಕೆ 20 ಸೆಕೆಂಡು ತೆಗೆದುಕೊಳ್ಳುವ ಸೇತುವೆಯ ತೂಗಾಟ ನಮಗೆ ಕೇಳುವುದೇ? ಕಾರಣ ಕೊಡಿ." 38 ಮಕ್ಕಳಲ್ಲಿ 29 ಮಂದಿ ಆವೃತ್ತಿ ಲೆಕ್ಕ ಹಾಕಿ ಸರಿಯಾದ ಕಾರಣ ಬರೆದರು. ಆರು ಮಂದಿ 'ಕೇಳುವುದಿಲ್ಲ, ಏಕೆಂದರೆ ಮೆಲ್ಲಗೆ ತೂಗುತ್ತದೆ' ಎಂದು ಬರೆದರು. ಇದರಲ್ಲಿ ಪಾರವೂ ಆವೃತ್ತಿಯೂ ಇನ್ನೂ ಬೆರೆತೇ ಇವೆ, ಅರ್ಧ ಅಂಕ ಕೊಟ್ಟೆ. ಮೂವರು ಮೊದಲ ದಿನದ ತಪ್ಪು ವಾಕ್ಯವನ್ನೇ ಅಕ್ಷರಶಃ ಬರೆದಿದ್ದರು. ಅಂದು ಸೇತುವೆಗೆ ಬರದೆ ರಜೆ ಹಾಕಿದ್ದವರು ಇಬ್ಬರು. ಮೂರನೆಯವನು ಬಂದಿದ್ದ, ಪುಸ್ತಕದಲ್ಲಿ ಹಳೆಯ ವಾಕ್ಯವನ್ನು ಹೊಡೆದು ಹಾಕಿರಲಿಲ್ಲ. ಎಲ್ಲರ ಪುಸ್ತಕವನ್ನೂ ತರಿಸಿ ಆ ಸಾಲಿನ ಮೇಲೆ ನಾನೇ ಕೆಂಪು ಗೆರೆ ಎಳೆದು ಸಹಿ ಹಾಕಿ ಕೊಟ್ಟೆ.

ಪೀಜೋ ಬಿಲ್ಲೆ ಈಗ ಆ ಶಾಲೆಯ ವಿಜ್ಞಾನ ಕೊಠಡಿಯ ಬೀರುವಿನಲ್ಲಿ, ತುಕ್ಕು ಹಿಡಿದ ಶ್ರುತಿಕವೆಯ ಪಕ್ಕದ ಬಿಸ್ಕತ್ತಿನ ಡಬ್ಬಿಯಲ್ಲಿದೆ. ಬಿಳಿ ಪದರದ ಕಡೆಯ ಬೆಸುಗೆ ಬಿಟ್ಟಿದೆ. ಮುಂದಿನ ತಂಡದಲ್ಲಿ ಅಲ್ಲಿಗೆ ಹೋಗುವವರು ಮೊದಲು ಅದನ್ನು ಹಾಕಿಸಿಕೊಳ್ಳಬೇಕು.